ಜೀರ್ಣರಥೋದ್ಧಾರ

ವಿಜಾಪುರದ ಕೋಟೆಯ ಪಡುವಣ ಬುರುಜಿನ ಮೇಲೆ ಮಲಿಕ್-ಎ-ಮೈದಾನವೆಂಬ ತೋಪನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ನು ತೂಕದ ಆ ತೋಪನ್ನು 1854ರಲ್ಲಿ ಹಳೆಯ ಲೋಹವೆಂದು ಲಿಲಾವಿಗೆ ಇಟ್ಟರಂತೆ. ಬಂದ ಸವಾಲು 150 ರೂಪಾಯಿ! ಆ ಮಾರಾಟವು ರದ್ದಾಯಿತು, ತೋಪು ಉಳಿಯಿತು. ಇಂದು ದೂರದೂರದಿಂದ ಜನರು ಬಂದು ಅದರ ಮೈ ಮುಟ್ಟಿ ನೋಡಿ ಹೋಗುವರು. ಒಂದೇ ವಸ್ತುವು ತಕ್ಕಡಿಯ ಕಣ್ಣಿಗೆ ಒಂದು ರೀತಿ, ಮನುಷ್ಯನ ಕಣ್ಣಿಗೆ ಇನ್ನೊಂದು ರೀತಿ ಕಾಣುವದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವು ಬೇಕಿಲ್ಲ.

ಈ ತಕ್ಕಡಿಯ ಪ್ರಶ್ನೆಯು ಅರಸರ ತೋಪಿಗೆ ಮಾತ್ರ ಬರುವದೆಂದು ತಿಳಿಯಬಾರದು. ನಾಲತವಾಡದಂಥ ಊರಿನಲ್ಲಿ ಒಬ್ಬ ವೃದ್ಧ ಗೌಡನನ್ನು ಊಹಿಸಿಕೊಳ್ಳೋಣ. ಆತನ ಹಿತ್ತಲಲ್ಲಿ ದನದ ಕೊಟ್ಟಿಗೆ; ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ಹೋದವು. ಅಲ್ಲಿ ಕಣಿಕೆಯ ಧೂಳು ಹೊದ್ದು ನಿಂತಿರುವದು ಒಂದು ಅಂಬಾಸಿಡರ್ ಮೋಟಾರು. ಇಂಗ್ಲಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ ಕಲಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ 1958ರಿಂದ ತಯಾರಾಗುತ್ತ ಬಂದು, 2014ರಲ್ಲಿ ತಯಾರಿಕೆ ನಿಂತುಹೋದ ಜಾತಿಯ ಗಾಡಿ ಅದು. ಗೌಡನ ತಂದೆಯು ಅದನ್ನು ಕೊಂಡ ಕಾಲದಲ್ಲಿ ಹಣವಿದ್ದರೂ ಮೋಟಾರು ಕೂಡಲೆ ಸಿಗುತ್ತಿರಲಿಲ್ಲ. ಹೆಸರು ಹಚ್ಚಿ ವರ್ಷಗಟ್ಟಲೆ ದಾರಿ ಕಾಯಬೇಕಾಗಿತ್ತು. ಬಂದ ಮೇಲೆ ಅದು ಮನೆಯ ಗಾಡಿಯಾಗಿ ಉಳಿಯಲಿಲ್ಲ, ಊರ ಗಾಡಿಯಾಯಿತು. ಹೆರಿಗೆಯ ನೋವು ತಿನ್ನುವ ಹೆಣ್ಣುಮಕ್ಕಳನ್ನು ನಡುರಾತ್ರಿ ಮುದ್ದೇಬಿಹಾಳದ ದವಾಖಾನೆಗೆ ಮುಟ್ಟಿಸಿತು, ಮದುಮಕ್ಕಳನ್ನು ಮೆರೆಯಿಸಿತು, ಹಾವು ಕಚ್ಚಿದವರನ್ನು ಒಯ್ದು ಕೆಲವರನ್ನು ಜೀವಸಹಿತ ತಿರುಗಿ ತಂದಿತು, ಕೆಲವರನ್ನು ಬಟ್ಟೆ ಮುಚ್ಚಿ ತಂದಿತು. ಊರಿನ ನಡುವಯಸ್ಸಿನವರಲ್ಲಿ ಎಷ್ಟೋ ಜನರ ಮೊದಲನೆಯ ಪ್ರವಾಸವು ತಾಯಿಯ ಮಡಿಲಲ್ಲಿ ಆ ಗಾಡಿಯ ಹಿಂದಿನ ಆಸನದ ಮೇಲೆಯೇ ಆಗಿರುವದು.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನು ದೀಪಾವಳಿಗೆ ಬಂದಾಗಲೊಮ್ಮೆ ಅದೇ ಮಾತು ತೆಗೆಯುವನು. “ಅಪ್ಪಾ, ಗುಜರಿಯವರು ಕಿಲೋದ ಲೆಕ್ಕದಾಗ ತೊಗೊಂಡು ಹೋಗತಾರ. ಜಾಗಾನೂ ಖುಲ್ಲಾ ಆಗತೈತಿ.” ಮಗನು ಕೆಟ್ಟವನಲ್ಲ, ಆತನ ಲೆಕ್ಕವೂ ತಪ್ಪಲ್ಲ. ಗೌಡನು ಉತ್ತರ ಕೊಡದೆ ಅಡಿಕೆಯನ್ನು ಕತ್ತರಿಸುತ್ತ ಕೂಡ್ರುವನು. ಉತ್ತರವು ಇಲ್ಲವೆಂದಲ್ಲ, ಅದು ಕಿಲೋದ ಭಾಷೆಯಲ್ಲಿ ಹೇಳಲು ಬರುವಂಥದಲ್ಲ.

ಹಳೆಯ ಮೋಟಾರನ್ನು ಕಾಯ್ದುಕೊಂಡು, ತಿದ್ದಿಕೊಂಡು, ಜನರಿಗೆ ತೋರಿಸಿ ಹಿಗ್ಗುವ ಹವ್ಯಾಸವು ಲೋಕದಲ್ಲಿ ಹೊಸದಲ್ಲ. ಇಂಗ್ಲಂಡಿನಲ್ಲಿ ಮೋಟಾರುಗಳ ವೇಗವನ್ನು ಬಿಗಿಹಿಡಿದಿದ್ದ ಕಾಯದೆಯು ಸಡಿಲಾದ ಹರ್ಷಕ್ಕಾಗಿ 1896ರ ನವಂಬರ 14ರಂದು ಲಂಡನ್ನಿನಿಂದ ಬ್ರೈಟನ್ನಿನ ವರೆಗೆ ಗಾಡಿಗಳ ಮೆರವಣಿಗೆ ಹೊರಟಿತ್ತು. ಅದರ ಸ್ಮರಣೆಗಾಗಿ 1927ರಿಂದ ಅದೇ ದಾರಿಯಲ್ಲಿ ಹಳೆಯ ಗಾಡಿಗಳು ನವಂಬರ ತಿಂಗಳಲ್ಲಿ ಓಡುತ್ತ ಬಂದಿವೆ. 1905ಕ್ಕಿಂತ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ನಮ್ಮ ದೇಶದಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು 1964ರಲ್ಲಿ ದಿಲ್ಲಿಯಲ್ಲಿ ಇಂಥದೊಂದು ಉತ್ಸವವನ್ನು ಆರಂಭಿಸಿದರು. ಕನ್ನಡ ನಾಡಿನಲ್ಲಿಯೋ, ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಮೋಟಾರುಗಳನ್ನು ದೇವರ ದರ್ಶನಕ್ಕೆ ಹೋದ ಯಾತ್ರಿಕರು ಕಾಣುತ್ತ ಬಂದಿರುವರು. 2023ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಗೆ ‘ಪಯಣ’ವೆಂಬ ವಿಶಾಲವಾದ ಸಂಗ್ರಹಾಲಯವೂ ತೆರೆಯಿತು. ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ಕಂಬಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಗಾಡಿಯ ಮುಂದೆ ಮಕ್ಕಳು ಬಾಯ್ದೆರೆದು ನಿಲ್ಲುವದನ್ನು ಇಂದಿಗೂ ಕಾಣಬಹುದು.

ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಬಸವಣ್ಣನವರ ಜನ್ಮಭೂಮಿಯಾದ ಬಾಗೇವಾಡಿಯ ಸೀಮೆಗೆ ನೆರೆಯಾದ ನಮಗೆ ಸ್ಥಾವರ, ಜಂಗಮ ಎಂಬ ಎರಡು ಶಬ್ದಗಳನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ನಿಂತದ್ದು ಸ್ಥಾವರ, ನಡೆಯುವದು ಜಂಗಮ. ತೋಪು ನಿಂತರೂ ತೋಪೇ. ವಿಗ್ರಹವು ನಿಂತರೂ ವಿಗ್ರಹವೇ. ಮೋಟಾರು ಹಾಗಲ್ಲ. ಅದರ ಧರ್ಮವೇ ಚಲನೆ. ನಿಲ್ಲಿಸಿಟ್ಟ ಮೋಟಾರು ಹಾಳಾಗುವಷ್ಟು ಬೇಗ ಓಡಿಸಿದ ಮೋಟಾರು ಹಾಳಾಗುವದಿಲ್ಲ. ಟಾಕಿಯಲ್ಲಿ ಉಳಿದ ಪೆಟ್ರೋಲಿನ ಸಾರವು ಹಾರಿಹೋಗಿ, ಅಂಟಿನಂಥ ಗಸಿಯೊಂದು ಕಾರ್ಬೊರೇಟರಿನ ಸೂಕ್ಷ್ಮ ರಂಧ್ರಗಳನ್ನು ಕಟ್ಟುವದು. ಬ್ಯಾಟರಿಯು ತಾನೇ ತಾನಾಗಿ ಸಾಯುವದು. ಒಂದೇ ಬದಿಯ ಮೇಲೆ ಭಾರ ಹೊತ್ತ ಟಾಯರು ಚಪ್ಪಟೆಯಾಗಿ ಬಿರಿಯುವದು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿ ಒಳಗಿನ ಲೋಹಕ್ಕೆ ಜಂಗು ಹಿಡಿಸುವದು. ಪಿಸ್ಟನ್ನಿನ ಬಳೆಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡುಬಿಡುವವು. ಇದೆಲ್ಲದರ ಮೇಲೆ ಇಲಿಗಳು. ತಂತಿಯ ಹೊದಿಕೆಯ ರುಚಿಯನ್ನು ಅವುಗಳಿಗೆ ಯಾರು ಕಲಿಸಿದರೋ ದೇವರೇ ಬಲ್ಲ!

ಆದುದರಿಂದ ಈ ಹವ್ಯಾಸದಲ್ಲಿ ನೋಟಕ್ಕಿಂತ ನಿತ್ಯವಿಧಿಯು ಮುಖ್ಯವಾದದ್ದು. ತಿಂಗಳಿಗೊಮ್ಮೆಯಾದರೂ ಯಂತ್ರವನ್ನು ಚಾಲೂ ಮಾಡಬೇಕು. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಒಳಗಿನ ತೇವವು ಆರುವಷ್ಟು ಕಾಯಿಸಬೇಕು. ತೀರ ಹಳೆಯ ಗಾಡಿಗಳ ಗಾಲಿಗಳಿಗೆ ಕಟ್ಟಿಗೆಯ ಅರಗಳಿರುವವು. ಬಿಸಿಲಿಗೆ ಕಟ್ಟಿಗೆಯು ಒಣಗಿ ಕುಗ್ಗಿದಾಗ ಅರಗಳು ಸಡಿಲಾಗಿ ಕಿರುಗುಟ್ಟುವವು. ಇದು ನಮ್ಮ ಒಕ್ಕಲಿಗರಿಗೆ ಹೊಸ ವಿಷಯವಲ್ಲ. ಬೇಸಿಗೆಯಲ್ಲಿ ಬಂಡಿಯ ಗಾಲಿಯನ್ನು ನೀರಲ್ಲಿ ಅದ್ದಿಡುವ ಜಾಣತನವು ಮೋಟಾರು ಹುಟ್ಟುವದಕ್ಕೆ ಎಷ್ಟೋ ಮೊದಲೇ ಅವರಿಗಿತ್ತು.

ಇದಲ್ಲದೆ ಕಾಲವೂ ಹೊಸ ತೊಡಕುಗಳನ್ನು ತರುವದು. ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲಿನೊಡನೆ ಎಥನಾಲನ್ನು ಬೆರೆಸುವ ಪ್ರಮಾಣವು ಏರುತ್ತ ಬಂದು 2025ರಲ್ಲಿ ಶೇಕಡಾ 20ನ್ನು ಮುಟ್ಟಿತು. ಕಬ್ಬು ಬೆಳೆಯುವ ಜಿಲ್ಲೆಗೆ ಇದು ಲಾಭದ ಮಾತು. ಹಳೆಯ ಮೋಟಾರಿಗೆ ಮಾತ್ರ ಪಥ್ಯ ಕೆಟ್ಟಂತೆ. ಎಥನಾಲು ತೇವವನ್ನು ಸೆಳೆಯುವದು, ಹಳೆಯ ಕಾಲದ ರಬ್ಬರನ್ನು ಕೆಡಿಸುವದು. ಪೂರ್ವಕಾಲದ ಕೆಲವು ಗಾಡಿಗಳಲ್ಲಿ ಇಂಧನದ ಮೇಲೆ ತೇಲುವ ಬೆಂಡಿಗೆ ಅರಗಿನ ಲೇಪವಿರುವದು, ಆ ಲೇಪವನ್ನೇ ಕರಗಿಸಿಬಿಡುವದು. ಮುದುಕರಿಗೆ ಹಿಟ್ಟು ಬದಲಾದರೂ ಹೊಟ್ಟೆ ಕೆಡುವದಿಲ್ಲವೆ? ಹಾಗೆಯೇ ಇದೂ.

ಇನ್ನು ರಾಜಶಾಸನವು ಏನೆನ್ನುವದೆಂಬುದನ್ನೂ ನೋಡೋಣ. ಪಾಶ್ಚಾತ್ಯ ರಸಿಕರು 1919ರಿಂದ 1930ರ ವರೆಗಿನ ಗಾಡಿಗಳನ್ನು ಮುಖ್ಯವಾಗಿ ‘ವಿಂಟೇಜ್’ ಎಂದು ಕರೆಯುವರು. ಭಾರತ ಸರಕಾರವು 2021ರ ಜುಲೈಯಲ್ಲಿ ಮಾಡಿದ ನಿಯಮವು ಹೆಚ್ಚು ಉದಾರವಾದದ್ದು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲಸ್ವರೂಪವನ್ನು ಕಳೆದುಕೊಳ್ಳದ ಗಾಡಿಗೆ ಈ ಹೆಸರು ಸಲ್ಲುವದು. ಹೊಸ ನೋಂದಣಿಗೆ 20,000 ರೂಪಾಯಿ. ಹತ್ತು ವರ್ಷಗಳ ತರುವಾಯ ಮತ್ತೆ ನೋಂದಿಸಲು 5,000. ಇಂಥ ಗಾಡಿಯ ಫಲಕದ ಮೇಲೆ ‘ವಿಎ’ ಎಂಬ ಅಕ್ಷರಗಳಿರುವವು. ಪ್ರದರ್ಶನ, ಸಂಶೋಧನ, ಹಳೆಯ ಗಾಡಿಗಳ ಓಟ, ದುರಸ್ತಿ, ಇಂಧನ ತುಂಬಿಸುವದು ಇಂಥ ಕಾರಣಗಳಿಗೆ ಮಾತ್ರ ಅದು ರಸ್ತೆಗಿಳಿಯಬಹುದು. ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಸಲ್ಲದು. ನಮ್ಮ ಜಾತ್ರೆಯ ತೇರಿನ ಕಟ್ಟಳೆಯೇ ಇದಲ್ಲವೆ? ತೇರಿನಲ್ಲಿ ಯಾರೂ ಸಂತೆಗೆ ಹೋಗುವದಿಲ್ಲ. ವರ್ಷಕ್ಕೊಮ್ಮೆ ಹೊರಡುವದು, ಮಿಕ್ಕ ದಿನಗಳಲ್ಲಿ ತಗಡಿನ ಮನೆಯಲ್ಲಿ ಮರೆಯಾಗಿರುವದು. ಆದರೂ ಆ ಒಂದು ದಿನದ ಸಲುವಾಗಿ ಬಡಿಗರು ವರ್ಷವೆಲ್ಲ ಅದರ ಅಚ್ಚು, ಕೀಲುಗಳ ಮೇಲೆ ಕಣ್ಣಿಟ್ಟಿರಬೇಕು.

‘ಮೂಲಸ್ವರೂಪ’ವೆಂಬ ಮಾತನ್ನು ಶಾಸನವು ಸುಲಭವಾಗಿ ಹೇಳಿಬಿಟ್ಟಿತು, ಆದರೆ ಅದರ ಒಳಗೆ ಇಳಿದರೆ ಬುದ್ಧಿಯು ತಿರುಗಣಿಗೆ ಬೀಳುವದು. ಯವನ ರಾಜನಾದ ಮಿಲಿಂದನು ಭಿಕ್ಷು ನಾಗಸೇನನನ್ನು ಕಾಣಲು ರಥದಲ್ಲಿ ಬಂದ ಕಥೆಯು ಪ್ರಸಿದ್ಧವೇ ಆಗಿದೆ. ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಎಂದು ಭಿಕ್ಷುವು ಒಂದೊಂದಾಗಿ ಕೇಳಿದನು. ಯಾವದೂ ಅಲ್ಲವೆಂದು ಅರಸನೇ ಒಪ್ಪಬೇಕಾಯಿತು. ಹಾಗಾದರೆ ನೀನು ಬಂದದ್ದು ಯಾವದರಲ್ಲಿ ಎಂಬುದು ಭಿಕ್ಷುವಿನ ಪ್ರಶ್ನೆ. ಅವಯವಗಳ ಕೂಟಕ್ಕೆ ಇಟ್ಟ ಹೆಸರು ರಥ, ಅದರ ಹೊರತು ಬೇರೆಯಿಲ್ಲವೆಂಬುದು ಅಲ್ಲಿಯ ನಿರ್ಣಯ. ಹಳೆಯ ಮೋಟಾರಿನ ಒಡೆಯನ ಮುಂದೆಯೂ ಈ ನಾಗಸೇನನು ನಿತ್ಯ ನಿಂತಿರುವನು. ಟಾಯರು ಬದಲಾಯಿತು, ತಂತಿ ಬದಲಾಯಿತು, ಆಸನದ ಚರ್ಮ ಬದಲಾಯಿತು, ಬಣ್ಣವು ಮೂರು ಸಲ ಬದಲಾಯಿತು. ಹಾಗಾದರೆ ಅಪ್ಪನ ಕಾಲದ ಗಾಡಿಯು ಎಲ್ಲಿ ಉಳಿಯಿತು?

ನಮ್ಮ ಆಗಮಗಳಲ್ಲಿ ಇದಕ್ಕೊಂದು ಮಾರ್ಗವುಂಟು. ದೇವಾಲಯದ ಜೀರ್ಣೋದ್ಧಾರವನ್ನು ಕೈಕೊಂಡಾಗ ದೇವರ ಕಲೆಯನ್ನು ಮೊದಲು ಕುಂಭವೊಂದರಲ್ಲಿ ಆವಾಹಿಸಿ ಇಡುವರು. ಕಲ್ಲು ಕಳಚಲಿ, ಗೋಡೆ ಬೀಳಲಿ, ಹೊಸ ಕಲ್ಲು ಬರಲಿ. ಕುಂಭದಲ್ಲಿ ಕಲೆಯಿರುವ ವರೆಗೆ ಸಾತತ್ಯವು ತಪ್ಪಲಿಲ್ಲ. ಕೆಲಸ ಮುಗಿದ ಬಳಿಕ ಅದನ್ನು ತಿರುಗಿ ನೆಲೆಗೊಳಿಸುವರು. ಮೋಟಾರನ್ನು ಕಳಚಿ ತಿರುಪು ತಿರುಪಾಗಿ ಗೋಣಿಯ ಮೇಲೆ ಹರಡಿದಾಗ, ಅದರ ಕಲೆಯು ಯಾವ ಕುಂಭದಲ್ಲಿರುವದು? ಈ ಪ್ರಶ್ನೆಗೆ ಉತ್ತರವು ಗೌಡನ ಕೊಟ್ಟಿಗೆಯಲ್ಲಿಯೇ ದೊರೆಯುವದು.

ಒಂದು ದಿನ ಗೌಡನು ಮಗನಿಗೆ ಹೇಳದೆ ಹಳೆಯ ಮಿಸ್ತ್ರಿಯನ್ನು ಕರೆಯಿಸಿದನೆಂದು ಭಾವಿಸೋಣ. ಮಿಸ್ತ್ರಿಗೆ ಎಪ್ಪತ್ತು ದಾಟಿದೆ. ಒಂದು ಕಣ್ಣಿಗೆ ಪೊರೆ ಬಂದಿದೆ. ಗಾಡಿಯ ಮೂತಿಯ ಮೇಲೆ ಕೈಯಿಟ್ಟು ಆತನು ಸ್ವಲ್ಪ ಹೊತ್ತು ಸುಮ್ಮನೆ ನಿಂತನು.

“ಗೌಡ್ರ, ಗಾಡಿ ನಿಂತರ ಸಾಯತೈತಿ, ಓಡಿದರ ಬದಕತೈತಿ. ಇದನ್ನ ನೀವು ನಿಲ್ಲಿಸಬಾರದಾಗಿತ್ತು.”

“ನಿಲ್ಲಿಸಿದವ ನಾನಲ್ಲೋ ಮಾರಾಯಾ, ವಯಸ್ಸು ನಿಲ್ಲಿಸಿತು. ಆದೀತೇನು, ಹೇಳು.”

“ಆಗತೈತಿ. ಆದರ ಒಂದು ಮಾತ ಐತ್ರಿ. ನನ್ನ ಜೋಡಿ ಒಬ್ಬರನ್ನ ನಿಲ್ಲಸ್ರಿ. ದೀಪ ಹಿಡಿಯಾಕಲ್ಲ, ಕಲಿಯಾಕ. ನನ್ನ ಹುಡುಗರು ಪುಣೆಕ್ಕ ಹೋಗ್ಯಾರ. ಈ ಕೆಲಸ ಅವರಿಗೆ ಬ್ಯಾಡಂತ.”

ನಿಲ್ಲುವವರು ಯಾರು? ಊರಿನ ಹುಡುಗರಿಗೆ ಇದರಲ್ಲಿ ಕೂಲಿಯಿಲ್ಲ. ಕಡೆಗೆ ಸೂಟಿಗೆ ಬಂದ ಮೊಮ್ಮಗಳು, ಹದಿಮೂರರ ಹುಡುಗಿ, “ಮುತ್ಯಾ, ನಾ ನಿಲ್ಲತೀನಿ” ಎಂದಳು. ಮಿಸ್ತ್ರಿಯು ಗೌಡನ ಮುಖ ನೋಡಿದನು. ಗೌಡನು ಹುಡುಗಿಯ ಮುಖ ನೋಡಿದನು. ಹೆಣ್ಣುಮಗಳಿಗೇಕೆ ಈ ಎಣ್ಣೆ, ಮಸಿ ಎಂಬ ಮಾತು ಇಬ್ಬರ ಬಾಯಿಯ ತುದಿಗೂ ಬಂದು ನಿಂತಿತು.

ಅವರಿಗೆ ತಿಳಿಯದಿದ್ದರೂ, ಆ ಮಾತಿಗೆ ಉತ್ತರವು ಬಹಳ ಹಿಂದೆಯೇ ಆಗಿಹೋಗಿದೆ. ಕಾರ್ಲ್ ಬೆಂಜ್ ಎಂಬ ಜರ್ಮನ್ ಯಂತ್ರಜ್ಞನು ತನ್ನ ಮೂರು ಗಾಲಿಯ ಗಾಡಿಗೆ 1886ರ ಜನವರಿ 29ರಂದು ಹಕ್ಕುಪತ್ರವನ್ನು ಕೋರಿದನು. ಗಾಡಿಯೇನೋ ಹುಟ್ಟಿತು, ಆದರೆ ಅದನ್ನು ನಂಬಿ ದೂರ ಹೋಗುವವರಿರಲಿಲ್ಲ. 1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬೆರ್ಥಾ ಇಬ್ಬರು ಮಕ್ಕಳನ್ನು ಕೂಡಿಸಿಕೊಂಡು, ಗಂಡನಿಗೆ ಹೇಳದೆ, ಮಾನ್‌ಹೈಮಿನಿಂದ ಫೋರ್ಜ್‌ಹೈಮಿನ ವರೆಗೆ ಸುಮಾರು ನೂರು ಕಿಲೋಮೀಟರು ಅದನ್ನು ನಡಿಸಿಕೊಂಡು ಹೋದಳು. ಇಂಧನದ ಕೊಳವೆ ಕಟ್ಟಿದಾಗ ಟೊಪ್ಪಿಗೆಯ ಸೂಜಿಯಿಂದ ಬಿಡಿಸಿದಳು. ತಂತಿಯ ಹೊದಿಕೆ ಹರಿದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ದಾರಿಯಲ್ಲಿ ಔಷಧದ ಅಂಗಡಿಯಲ್ಲಿ ಇಂಧನ ಕೊಂಡಳು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡಿಸಿದಳು. ಲೋಕದ ಮೊದಲನೆಯ ದೂರ ಪ್ರವಾಸವೂ ದಾರಿಯ ದುರಸ್ತಿಯೂ ಒಬ್ಬ ಗೃಹಿಣಿಯ ಕೈಯಿಂದ ಆದವು. ಗಾಡಿ ನಡಿಸುವವರು ಗಾಡಿಯ ಒಳಗನ್ನೂ ಬಲ್ಲವರಾಗಿರಬೇಕೆಂಬ ನೀತಿಯು ಅಂದೇ ಸಿದ್ಧವಾಯಿತು.

ಇರಲಿ. ಹುಡುಗಿಯು ನಿಂತಳು. ಮಿಸ್ತ್ರಿಯು ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಲ್ಲಿ ಎಣ್ಣೆ ಹನಿಸಿ, “ಎಂಟು ದಿನ ಮುಟ್ಟಬ್ಯಾಡ್ರಿ” ಎಂದನು. ಎಂಟು ದಿನಗಳ ಮೇಲೆ ಮುಂಭಾಗದಲ್ಲಿ ಹಿಡಿಕೆಯನ್ನು ತೂರಿಸಿ ಮೆಲ್ಲಗೆ, ಕೂಸಿನ ಕೈ ತಿರುವಿದಂತೆ, ಯಂತ್ರವನ್ನು ತಿರುವಿ ನೋಡಿದನು. ಕಿಡಿ ಹಾರುವ ಎರಡು ತುಟಿಗಳ ನಡುವಿನ ಅಂತರವನ್ನು ಅಳೆಯಲು ಆತನಲ್ಲಿ ಸಲಕರಣೆಯಿರಲಿಲ್ಲ. ಲಗ್ನಪತ್ರಿಕೆಯ ರಟ್ಟಿನ ಒಂದು ತುಣುಕಿತ್ತು. ಅದು ಬಿಗಿಯಾಗಿಯೂ ಅಲ್ಲ, ಸಡಿಲಾಗಿಯೂ ಅಲ್ಲ, ಎಳೆದರೆ ‘ಹೂಂ’ ಎಂದು ಬರಬೇಕು. ತಿರುಪುಳಿಯ ಮೊನೆಯನ್ನು ಯಂತ್ರದ ಮೈಗೂ ಹಿಡಿಕೆಯನ್ನು ಕಿವಿಗೂ ಒತ್ತಿ ಒಳಗಿನ ದನಿಯನ್ನು ಕೇಳುವದನ್ನು ತೋರಿಸಿದನು. ಹುಡುಗಿಯು ಸಾಲೆಯ ಹಳೆಯ ವಹಿಯೊಂದರಲ್ಲಿ ಇದೆಲ್ಲವನ್ನೂ ಬರೆದುಕೊಳ್ಳತೊಡಗಿದಳು. ‘ಹೂಂ’ ಎಂಬುದನ್ನು ಬರೆಯುವದು ಹೇಗೆಂದು ಮಾತ್ರ ಆಕೆಗೆ ತಿಳಿಯಲಿಲ್ಲ. ಕಡೆಗೆ ಆ ರಟ್ಟಿನ ತುಣುಕನ್ನೇ ವಹಿಯ ಪುಟಕ್ಕೆ ಅಂಟಿಸಿಕೊಂಡಳು.

ಕುಂಭವೆಂದರೆ ಇದೇ. ಗಾಡಿಯ ಕಲೆಯು ತಗಡಿನಲ್ಲಿಯೂ ಇಲ್ಲ, ಬಣ್ಣದಲ್ಲಿಯೂ ಇಲ್ಲ. ಅದನ್ನು ಕಳಚಿ ತಿರುಗಿ ಕೂಡಿಸಬಲ್ಲವರ ಕೈಯಲ್ಲಿ, ಕಿವಿಯಲ್ಲಿ, ನೆನಪಿನಲ್ಲಿ ಇರುವದು. ಅರಸರ ಗಾಡಿಗಳಿಗೆ ಸಂಗ್ರಹಾಲಯಗಳುಂಟು, ಧನಿಕ ರಸಿಕರುಂಟು. ಊರೂರಿನಲ್ಲಿ ಬಸುರಿಯರನ್ನೂ ರೋಗಿಗಳನ್ನೂ ಹೊತ್ತ ಸಾಮಾನ್ಯ ಗಾಡಿಗಳಿಗೆ ಯಾರುಂಟು? ಅಮೆರಿಕೆಯ ಫೋರ್ಡ್ ಕಂಪನಿಯವರು 1908ರಿಂದ 1927ರ ವರೆಗೆ ಟೀ ಮಾದರಿಯ ಗಾಡಿಗಳನ್ನು ಸುಮಾರು ಒಂದೂವರೆ ಕೋಟಿ ಮಾಡಿದರು. ಅವುಗಳಲ್ಲಿ ಬಹುಭಾಗವು ತಕ್ಕಡಿಯ ಪಾಲಾಯಿತು. ಮುಂಬಯಿಯ ಬೀದಿಗಳಲ್ಲಿ ದಶಕಗಳ ಕಾಲ ಓಡಿದ ಪದ್ಮಿನಿ ಜಾತಿಯ ಕರಿ-ಹಳದಿ ಟ್ಯಾಕ್ಸಿಯು 2023ರ ಅಕ್ಟೋಬರದಲ್ಲಿ ಮರೆಯಾಯಿತು. ಹೇರಳವಾಗಿದ್ದದ್ದನ್ನು ಕಾಯಬೇಕೆಂದು ಯಾರಿಗೂ ತೋಚುವದಿಲ್ಲ. ತೋಚುವಷ್ಟರಲ್ಲಿ ಅದು ದುರ್ಲಭವಾಗಿರುವದು. ಗಾಡಿಯು ಹೋದರೆ ಇನ್ನೆಲ್ಲಿಯಾದರೂ ಒಂದು ಸಿಕ್ಕೀತು. ಮಿಸ್ತ್ರಿಯ ಕಿವಿಯು ಹೋದರೆ ಅದು ಯಾವ ಪೇಟೆಯಲ್ಲಿಯೂ ಸಿಗದು.

ಪ್ರದರ್ಶನವು ಇದಕ್ಕೆ ವಿರೋಧಿಯೆಂದು ಹೇಳಬೇಕಾಗಿಲ್ಲ. ಹಿತ್ತಾಳೆಯನ್ನು ತಿಕ್ಕಿ ಹೊಳಪಿಸಿ ಬಹುಮಾನಕ್ಕೆ ನಿಲ್ಲಿಸುವಲ್ಲಿ ಸ್ವಲ್ಪ ಗರ್ವವು ಇದ್ದೇ ಇರುವದು. ಅದು ತೇರಿಗೆ ಕಟ್ಟಿದ ರುಮಾಲಿನಂತೆ, ಇದ್ದರೆ ಶೋಭೆ. ಆದರೆ ತೋರಿಸುವವನು ತನ್ನ ಐಶ್ವರ್ಯವನ್ನು ತೋರಿಸಿದರೆ ನೋಡುವವರು ಹೊಟ್ಟೆಕಿಚ್ಚನ್ನು ಹೊತ್ತು ಮನೆಗೆ ಹೋಗುವರು; ಮೂತಿಯ ಮುಚ್ಚಳವನ್ನು ಎತ್ತಿ, ಒಂದು ಮಗುವನ್ನು ಹತ್ತಿರ ಕರೆದು, ಇದು ಹೀಗೆ ನಡೆಯುವದೆಂದು ತೋರಿಸಿದರೆ ನೋಡುವವರು ವಿದ್ಯೆಯನ್ನು ಹೊತ್ತು ಹೋಗುವರು.

ಮಹಾನವಮಿಯು ಬಂದಿತು. ಖಂಡೇಪೂಜೆಗೆ ನೇಗಿಲು, ಕುಡಗೋಲು, ಟ್ರ್ಯಾಕ್ಟರುಗಳ ಸಂಗಡ ಈ ಸಲ ಕೊಟ್ಟಿಗೆಯ ಗಾಡಿಗೂ ವಿಭೂತಿ ಬಿದ್ದಿತು. ಮರುದಿವಸ ವಿಜಯದಶಮಿ, ಊರಿನವರೆಲ್ಲ ಬನ್ನಿ ಮುಡಿಯಲು ಸೀಮೆಯ ಕಡೆಗೆ ಹೊರಟಿದ್ದರು. ಹಬ್ಬಕ್ಕೆ ಬಂದ ಮಗನು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದನು. ಮಿಸ್ತ್ರಿಯು ಹಿಡಿಕೆಯನ್ನು ಹುಡುಗಿಯ ಕೈಗೆ ಕೊಡಲಿಲ್ಲ. ತಿರುಗಿ ಹೊಡೆದರೆ ಮಣಿಕಟ್ಟು ಮುರಿದೀತೆಂದು ತಾನೇ ಹಿಡಿದನು. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಒಂದು ಕೆಮ್ಮು. ಹುಡುಗಿಯು ವಹಿಯನ್ನು ತೆರೆದು, ಏನನ್ನೋ ಓದಿ, ಒಂದು ಗುಂಡಿಯನ್ನು ಅರ್ಧ ಎಳೆದಳು. ಮೂರನೆಯ ಸಲಕ್ಕೆ ಯಂತ್ರವು ಹಿಡಿಯಿತು. ಕೊಟ್ಟಿಗೆಯ ತುಂಬ ನೀಲಿ ಹೊಗೆ, ಮಾಡದಿಂದ ಗುಬ್ಬಿಗಳು ಹಾರಿಹೋದವು.

ಕಾಗದಪತ್ರಗಳು ಇನ್ನೂ ಆಗದ ಗಾಡಿಯು ಸರಕಾರದ ರಸ್ತೆಗೆ ಇಳಿಯತಕ್ಕದ್ದಲ್ಲ. ಗೌಡನು ಅದನ್ನು ಅಂಗಳದಲ್ಲಿಯೇ ಹತ್ತು ಮಾರು ನಡಿಸಿದನು. ಕೊಟ್ಟಿಗೆಯ ಹೊಸ್ತಿಲನ್ನು ದಾಟಿದ್ದೇ ಅದರ ಸೀಮೋಲ್ಲಂಘನ. ಮಗನು ಗುಜರಿಯ ಮಾತನ್ನು ಅಂದು ಎತ್ತಲಿಲ್ಲ; ಮುಂದೆ ಎತ್ತುವನೋ ಇಲ್ಲವೋ ಹೇಳಲಾಗದು. ಗೌಡನು ಬನ್ನಿಯ ಎಲೆಗಳನ್ನು ಮೊದಲು ಮಿಸ್ತ್ರಿಯ ಕೈಯಲ್ಲಿ, ಆ ಮೇಲೆ ಮೊಮ್ಮಗಳ ಕೈಯಲ್ಲಿ ಇಟ್ಟನು. ಹುಡುಗಿಯು ಒಂದು ಎಲೆಯನ್ನು ವಹಿಯೊಳಗೆ ಆ ರಟ್ಟಿನ ತುಣುಕಿನ ಪಕ್ಕದಲ್ಲಿ ಇರಿಸಿ, ಮುಚ್ಚಿ, ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು.